ಫಾರಿನ್ ಸಿಮ್ ಹಾಕಿದ್ದಕ್ಕೆ ಫೋನ್ ಲಾಕ್ ಆಯ್ತೇ?

ಓದುಗರ ಪ್ರಶ್ನೆ: ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಆರು ತಿಂಗಳು ಇದ್ದು ಬಂದೆವು. ಅಲ್ಲಿಯ ಪ್ರಿಪೇಯ್ಡ್ ಸಿಮ್ ಹಾಕಿಕೊಂಡಿದ್ದೆ. ಶಿರಸಿಗೆ ಬಂದು ನಮ್ಮ ಹಳೇ ಸಿಮ್ ಹಾಕಿದರೆ ನೆಟ್‌ವರ್ಕೇ ಬರುತ್ತಿಲ್ಲ. ಫಾರಿನ್ ಸಿಮ್ ಹಾಕಿದ್ದರಿಂದ ಫೋನ್ ಲಾಕ್ ಆಗಿದೆ ಎನ್ನುತ್ತಿದ್ದಾರೆ. ಬಿಡಿಸಲು ಎಷ್ಟು ಖರ್ಚಾದೀತು?

ಉತ್ತರ: ಇದೇ ಪ್ರಶ್ನೆ ಭಟ್ಕಳದಿಂದ ಬಂದರೆ ಅಮೆರಿಕದ ಜಾಗದಲ್ಲಿ ದುಬೈ ಇರುತ್ತದೆ. ಅಂಕೋಲಾ, ಕಾರವಾರದಿಂದ ಬಂದರೆ ಹಡಗು ಮತ್ತು ಸಿಂಗಾಪುರದ ಸಿಮ್. ಉಳಿದದ್ದೆಲ್ಲ ಅಕ್ಷರ ಅಕ್ಷರ ಅದೇ. ಇಷ್ಟು ಸಲ ಉತ್ತರಿಸಿದ ಮೇಲೂ ಮೇ ತಿಂಗಳಲ್ಲಿ ರಜೆಗೆ ಬಂದವರೆಲ್ಲ ಮತ್ತೆ ಅಲ್ಲಿಂದಲೇ ಶುರು ಮಾಡುತ್ತಾರೆ. ಹಾಗಾಗಿ ಈ ಸಲ ಉದ್ದಕ್ಕೇ ಬರೆಯುತ್ತೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುವುದು.

ಖರ್ಚಿನ ಮಾತು ಮೊದಲು. ಆ ಫೋನನ್ನು ನೀವು ಭಾರತದಲ್ಲಿ, ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಂಡದ್ದಾದರೆ ಖರ್ಚು ಸೊನ್ನೆ. ಅದು ಲಾಕ್ ಆಗಿಲ್ಲ. ಅಮೆರಿಕದ ಸಿಮ್ ಹಾಕಿ ಅದನ್ನು ಲಾಕ್ ಮಾಡಬೇಕೆಂದು ನೀವೇ ಹಟ ಹಿಡಿದರೂ ಆಗುವುದಿಲ್ಲ.

"ಆದರೆ ಹಾಕಿದ ಮೇಲೇ ಅಲ್ಲವೇ ಹೀಗಾದದ್ದು?" ಎಂದು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ಒಳಗೆ ಏನು ನಡೆಯುತ್ತದೆ ನೋಡಿ. ಪ್ರತಿ ಸಿಮ್ಮಿನಲ್ಲೂ ಐಎಂಎಸ್‌ಐ ಎಂಬ ಸಂಖ್ಯೆ ಇರುತ್ತದೆ, ಸಾಮಾನ್ಯವಾಗಿ 15 ಅಂಕಿಯದ್ದು. ಮೊದಲ ಮೂರು ಅಂಕಿ ದೇಶದ್ದು: ಭಾರತಕ್ಕೆ 404 ಮತ್ತು 405, ಸೌದಿಗೆ 420, ಓಮನ್‌ಗೆ 422, ಯುಎಇಗೆ 424, ಅಮೆರಿಕಕ್ಕೆ 310ರಿಂದ ಮುಂದೆ ಕೆಲವು. ಅದರ ನಂತರದ ಎರಡು ಮೂರು ಅಂಕಿ ಕಂಪನಿಯದ್ದು. ಸಿಮ್ ಹಾಕಿದ ಕೂಡಲೇ ಫೋನ್ ಈ ಸಂಖ್ಯೆ ಓದುತ್ತದೆ. ಲಾಕ್ ಆದ ಫೋನಿನಲ್ಲಿ "ಇಂತಿಂಥ ಕಂಪನಿಯ ಸಿಮ್ಮಿಗೆ ಮಾತ್ರ ಒಪ್ಪಿಗೆ" ಎಂಬ ನಿರ್ಬಂಧ ಇರುತ್ತದೆ. ಸಂಖ್ಯೆ ಹೊಂದಿದರೆ ಕೆಲಸ, ಇಲ್ಲದಿದ್ದರೆ "ಸಿಮ್ ನಾಟ್ ಸಪೋರ್ಟೆಡ್". ಲಾಕ್ ಇಲ್ಲದ ಫೋನಿನಲ್ಲಿ ಆ ನಿರ್ಬಂಧವೇ ಇರುವುದಿಲ್ಲ, ಯಾವ ಸಿಮ್ ಬಂದರೂ ಒಳಗೆ ಬಿಡುತ್ತದೆ.

ಈ ನಿರ್ಬಂಧ ಹಾಕುವುದು ಫೋನ್ ಮಾರುವವರು. ಕಂತಿನಲ್ಲೋ ಅರ್ಧ ಬೆಲೆಗೋ ಕೊಟ್ಟ ಫೋನಿನ ದುಡ್ಡು ವಸೂಲಾಗುವವರೆಗೆ ಗಿರಾಕಿ ಬೇರೆ ಕಂಪನಿಗೆ ಹಾರಬಾರದು ಎಂದು ಮಾಡಿಕೊಂಡ ವ್ಯವಸ್ಥೆ ಅದು. ಮಾರಾಟಕ್ಕೆ ಮೊದಲೇ ಫೋನಿನ ಮೋಡೆಮ್ಮಿನಲ್ಲಿ ಬರೆದಿರುತ್ತದೆ. ಐಫೋನ್ ಆದರೆ ಆಪಲ್ ಸರ್ವರಿನಲ್ಲಿ ಆ ಫೋನಿನ ಹೆಸರಿಗೆ ದಾಖಲಾಗಿರುತ್ತದೆ. ಆಮೇಲೆ ಬಂದು ಕೂತ ಸಿಮ್ಮಿಗೆ ಅದನ್ನು ಬರೆಯುವ, ಅಳಿಸುವ ಅಧಿಕಾರ ಇಲ್ಲ. ಕಾರವಾರದ ಅರ್ಗಾ ಗೇಟಿನಲ್ಲಿ ಪಾಸು ತೋರಿಸಿ ನೌಕಾನೆಲೆಯೊಳಗೆ ಹೋದವನು ಗೇಟಿನವರ ಕೈಯಲ್ಲಿರುವ ಪಟ್ಟಿ ತಿದ್ದಿ ಬರಲು ಆಗುತ್ತದೆಯೇ? ಸಿಮ್ಮಿನದೂ ಅಷ್ಟೇ ಸ್ಥಾನ.

ನಮ್ಮಲ್ಲಿ ಅಂಗಡಿಯಲ್ಲಿ ಸಿಗುವ ಫೋನುಗಳಿಗೆ ಈ ಲಾಕ್ ಹಾಕುವ ರೂಢಿ ಇಲ್ಲ. ಪೂರಾ ಇರಲೇ ಇಲ್ಲ ಎಂದಲ್ಲ. ರಿಲಯನ್ಸ್, ಟಾಟಾದವರ ಸಿಡಿಎಂಎ ಕಾಲದ ಸೆಟ್ಟುಗಳನ್ನು ನೆನಪಿಸಿಕೊಳ್ಳಿ, ಬೇರೆ ಕಂಪನಿಯ ಮಾತೇ ಇರಲಿಲ್ಲ. 2008ರಲ್ಲಿ ಐಫೋನ್ 3ಜಿ ಇಲ್ಲಿಗೆ ಬಂದಾಗ ಏರ್‌ಟೆಲ್ ಮತ್ತು ವೊಡಾಫೋನ್ ಅದನ್ನು ಲಾಕ್ ಮಾಡಿಯೇ ಮಾರಿದವು. 2017ರ ಜಿಯೋಫೋನ್ ಜಿಯೋ ಸಿಮ್ ಬಿಟ್ಟು ಬೇರೆ ಯಾವುದಕ್ಕೂ ಜಗ್ಗುವುದಿಲ್ಲ. ಇವೆಲ್ಲ ಪೆಟ್ಟಿಗೆಯಿಂದ ತೆಗೆಯುವ ಮೊದಲೇ ಲಾಕ್ ಆಗಿದ್ದವು. ಹೊರದೇಶಕ್ಕೆ ಹೋಗಿ ಬಂದು ಲಾಕ್ ಆದದ್ದು ಒಂದೂ ಇಲ್ಲ.

ಹಾಗಾದರೆ ನೆಟ್‌ವರ್ಕ್ ಯಾಕೆ ಬರುತ್ತಿಲ್ಲ? ಆ ಆರು ತಿಂಗಳು ನಿಮ್ಮ ಊರಿನ ಸಿಮ್ ಎಲ್ಲಿತ್ತು? ಪಾಸ್‌ಪೋರ್ಟಿನ ಕವರಿನಲ್ಲಿ, ಒಂದು ಚೂರು ಪ್ಲಾಸ್ಟರ್ ಅಂಟಿಸಿಕೊಂಡು. ಯಾರಾದರೂ ಅದಕ್ಕೆ ರಿಚಾರ್ಜ್ ಮಾಡಿದರೇ? ಇಲ್ಲ. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ನಿಯಮದ ಪ್ರಕಾರ ಕರೆ, ಡೇಟಾ ಯಾವ ಬಳಕೆಯೂ ಇಲ್ಲದೆ 90 ದಿನ ಕಳೆದರೆ ಕಂಪನಿ ಆ ಪ್ರಿಪೇಯ್ಡ್ ನಂಬರನ್ನು ರದ್ದು ಮಾಡಬಹುದು. ಖಾತೆಯಲ್ಲಿ 20 ರೂಪಾಯಿಯಾದರೂ ಬಾಕಿ ಇದ್ದರೆ ಅದನ್ನು ಮುರಿದುಕೊಂಡು ಮತ್ತೆ 30 ದಿನ ಉಳಿಸಬೇಕು. ಪ್ಯಾಕ್ ಮುಗಿದ ಮೇಲೆ ಖಾತೆಯಲ್ಲಿ ಬಿಡಿಗಾಸೂ ಇರದವರಿಗೆ ಅದೂ ಸಿಗುವುದಿಲ್ಲ. ಆರು ತಿಂಗಳೆಂದರೆ 180 ದಿನ. ಲೆಕ್ಕ ನೀವೇ ಹಾಕಿ. ಹಡಗಿನವರಂತೂ ಎಂಟು ಒಂಬತ್ತು ತಿಂಗಳ ಕಾಂಟ್ರಾಕ್ಟ್ ಮುಗಿಸಿ ಬಂದು, ಯಾವತ್ತೋ ಸತ್ತ ಸಿಮ್ಮನ್ನು ಫೋನಿಗೆ ತುರುಕಿ, ಫೋನಿನ ಮೇಲೆ ಸಿಟ್ಟು ಮಾಡುತ್ತಾರೆ.

ಪರೀಕ್ಷೆ ಎರಡು ನಿಮಿಷದ್ದು. ನಿಮ್ಮ ಸಿಮ್ಮನ್ನು ಮನೆಯವರ ಫೋನಿಗೆ ಹಾಕಿ, ಮನೆಯವರ ನಡೆಯುತ್ತಿರುವ ಸಿಮ್ಮನ್ನು ನಿಮ್ಮ ಫೋನಿಗೆ. ಅವರ ಸಿಮ್ ನಿಮ್ಮ ಫೋನಿನಲ್ಲಿ ನಡೆದರೆ ಫೋನಿಗೆ ಏನೂ ಆಗಿಲ್ಲ, ಆಧಾರ್ ಹಿಡಿದು ಸಿಮ್ ಕಂಪನಿಯ ಕೌಂಟರಿಗೆ ಹೋಗಿ. ಇಷ್ಟು ನೋಡದೆ ಫೋನ್ ಹಿಡಿದು ಹುಬ್ಬಳ್ಳಿ ಬಸ್ ಹತ್ತುವವರಿದ್ದಾರೆ ಮಾರಾಯ್ರೇ. ದೇವಿಮನೆ ಘಟ್ಟ ಹತ್ತಿ ಶಿರಸಿ ದಾಟಿ ಅಷ್ಟು ದೂರ ಹೋಗಿ, ಯಾರೋ "ಅನ್‌ಲಾಕ್ ಮಾಡಿದೆ" ಎಂದು ಸಾವಿರಾರು ರೂಪಾಯಿ ತೆಗೆದುಕೊಂಡು, ಅಸಲಿಗೆ ಹೊಸ ಸಿಮ್ ಹಾಕಿ ಕೊಟ್ಟಿರುತ್ತಾನೆ.

ಸಿಮ್ ಜೀವಂತ ಇದ್ದೂ ಆಗದಿದ್ದರೆ ಸಣ್ಣಪುಟ್ಟ ಕಾರಣಗಳಿವೆ. ಅಲ್ಲಿ ಟವರ್ ಸಿಗದಾಗ ನೆಟ್‌ವರ್ಕನ್ನು ಕೈಯಿಂದ ಆಯ್ಕೆ ಮಾಡಿದ್ದರೆ ಅದನ್ನು ಮತ್ತೆ ಆಟೊಮ್ಯಾಟಿಕ್ ಮಾಡಿ. ಕರೆ ಹೋಗುತ್ತದೆ, ನೆಟ್ ಇಲ್ಲ ಎಂದಾದರೆ ಫಾರಿನ್ ಸಿಮ್ಮಿನ ಎಪಿಎನ್ (ನೆಟ್ ಸಂಪರ್ಕದ ಸೆಟ್ಟಿಂಗ್) ಉಳಿದುಕೊಂಡಿರಬಹುದು, ನೆಟ್‌ವರ್ಕ್ ಸೆಟ್ಟಿಂಗ್ಸ್ ರಿಸೆಟ್ ಮಾಡಿದರೆ ಹೋಗುತ್ತದೆ, ವೈಫೈ ಪಾಸ್‌ವರ್ಡ್ ಮಾತ್ರ ಮತ್ತೆ ಕೊಡಬೇಕು. ಪ್ರವಾಸಕ್ಕೆಂದು ಇ-ಸಿಮ್ (ಕಾರ್ಡಿಲ್ಲದೆ ಫೋನಿನೊಳಗೇ ಇರುವ ಸಿಮ್) ಹಾಕಿಸಿಕೊಂಡವರ ಫೋನ್ ಇನ್ನೂ ಅದನ್ನೇ ಡೇಟಾ ಲೈನ್ ಎಂದುಕೊಂಡಿರುತ್ತದೆ. ದಯವಿಟ್ಟು ಇಡೀ ಫೋನನ್ನು ಫಾರ್ಮ್ಯಾಟ್ ಹೊಡೆಯಬೇಡಿ. ನಿಜವಾದ ಲಾಕ್ ಇದ್ದರೂ ಫಾರ್ಮ್ಯಾಟಿಗೆ ಅದು ಹೋಗುವುದಿಲ್ಲ, ಹೋಗುವುದು ಮೊಮ್ಮಗುವಿನ ಫೋಟೋಗಳು.

ಇನ್ನು ಅಲ್ಲಿಂದಲೇ ತಂದ ಫೋನಿನ ಮಾತು. ಇದು ಬೇರೆ ಕಥೆ, ಮತ್ತು ಮೇಲಿನ ಭ್ರಮೆ ಹುಟ್ಟಿದ್ದೂ ಇಲ್ಲಿಂದಲೇ. ಅಮೆರಿಕದಲ್ಲಿ ಪ್ರಿಪೇಯ್ಡ್ ಕಂಪನಿಗಳು ಸಿಮ್ಮಿನ ಜೊತೆ ಅಗ್ಗಕ್ಕೆ ಫೋನ್ ಕೊಡುತ್ತವೆ. ಅಳಿಯ "ಇಲ್ಲಿ ಎಷ್ಟು ಸಸ್ತಾ ನೋಡಿ" ಎಂದು ಒಂದು ತೆಗೆದುಕೊಟ್ಟಿರುತ್ತಾನೆ. ಅದು ಸಸ್ತಾ ಆಗಿರುವುದೇ ಲಾಕ್ ಆಗಿರುವುದರಿಂದ. ಆರು ತಿಂಗಳೋ ಒಂದು ವರ್ಷವೋ ಅದೇ ಕಂಪನಿಯ ಸೇವೆಯಲ್ಲಿ ಇದ್ದರೆ ಬಿಡಿಸಿಕೊಡುತ್ತೇವೆ ಎಂಬುದು ಅಂಥ ಪ್ರಿಪೇಯ್ಡ್ ಫೋನುಗಳ ಸಾಮಾನ್ಯ ಷರತ್ತು. ಸಂದರ್ಶಕ ವೀಸಾದ ಅಪ್ಪ ಅಮ್ಮಂದಿರಿಗೆ ಅಲ್ಲಿ ಇರಲು ಸಿಗುವುದೇ ಸಾಮಾನ್ಯವಾಗಿ ಆರು ತಿಂಗಳು. ಷರತ್ತು ಮುಗಿಯುವ ಮೊದಲೇ ವಿಮಾನ ಹತ್ತುತ್ತಾರೆ. ಇಲ್ಲಿ ಬಂದು ಕಪಾಟಿನಲ್ಲಿಟ್ಟ ದಿನಗಳು ಲೆಕ್ಕಕ್ಕೆ ಬರುವುದಿಲ್ಲ, ಅಲ್ಲಿಯ ನೆಟ್‌ವರ್ಕಿನಲ್ಲಿ ರಿಚಾರ್ಜ್ ಆಗಿ ನಡೆಯುತ್ತಿರಬೇಕು. ಹೊರಡುವ ಮೊದಲು ಅಳಿಯನ ಕೈಯಲ್ಲಿ ಕಂಪನಿಗೆ ಕೇಳಿಸಿ ನೋಡಿ. ಗಿರಾಕಿ ತನ್ನ ಫೋನನ್ನು ಬಿಡಿಸಿಕೊಳ್ಳುವುದು ತಪ್ಪಲ್ಲ ಎಂದು ಅಲ್ಲಿ 2014ರಲ್ಲೇ ಕಾನೂನಾಗಿದೆ. ಆದರೆ ಬಿಡಿಸಿಕೊಡಬೇಕಾದದ್ದು ಲಾಕ್ ಹಾಕಿದ ಕಂಪನಿಯೇ, ಇಲ್ಲಿಯ ಜಿಯೋ, ಏರ್‌ಟೆಲ್ ಕೌಂಟರಿನವರಿಗೆ ಇದರಲ್ಲಿ ಮಾಡಲು ಏನೂ ಇಲ್ಲ.

ಎಲ್ಲ ದೇಶದಲ್ಲೂ ಹೀಗಿಲ್ಲ. ಕೆನಡಾ 2017ರ ಡಿಸೆಂಬರಿನಿಂದ, ಜಪಾನ್ 2021ರ ಅಕ್ಟೋಬರಿನಿಂದ, ಬ್ರಿಟನ್ 2021ರ ಡಿಸೆಂಬರಿನಿಂದ ಲಾಕ್ ಆದ ಫೋನ್ ಮಾರುವುದನ್ನೇ ನಿಲ್ಲಿಸಿವೆ. ಅಲ್ಲಿಂದ ಹೊಸದು ತಂದವರು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಎರಡು ಅಪವಾದಗಳನ್ನು ಹೇಳದಿದ್ದರೆ ಯಾರಾದರೂ ಅದನ್ನೇ ಎತ್ತಿ ನನ್ನ ಮುಖಕ್ಕೆ ಹಿಡಿಯುತ್ತಾರೆ. ಅಮೆರಿಕದ ಕೆಲವು ದೊಡ್ಡ ಅಂಗಡಿಗಳಲ್ಲಿ ಸಿಗುವ ಒಂದು ಬಗೆಯ ಐಫೋನ್, ಮೊದಲು ಯಾವ ಕಂಪನಿಯ ಸಿಮ್ಮಿನಲ್ಲಿ ಚಾಲೂ ಆಗುತ್ತದೋ ಆ ಕಂಪನಿಗೇ ಲಾಕ್ ಆಗಿಬಿಡುತ್ತದೆ. ನೋಡುವವರಿಗೆ ಸಿಮ್ ಹಾಕಿದ್ದರಿಂದಲೇ ಲಾಕ್ ಆದಂತೆ ಕಾಣುತ್ತದೆ. ಅಸಲಿಗೆ "ಮೊದಲು ಬಂದವರಿಗೆ ಕಟ್ಟಿಹಾಕು" ಎಂಬ ನಿಯಮ ಆ ಫೋನಿನ ಮೇಲೆ ಮಾರುವಾಗಲೇ ಇತ್ತು, ಭಾರತದ ಬಿಲ್ ಇರುವ ಫೋನಿಗೆ ಅದು ಅನ್ವಯಿಸುವುದಿಲ್ಲ. ಎರಡನೆಯದು ಸ್ಯಾಮ್‌ಸಂಗ್‌ನ ಪ್ರಾದೇಶಿಕ ಲಾಕ್, 2013ರ ನೋಟ್ 3ರಿಂದ ಶುರುವಾದದ್ದು. ಯಾವ ಭಾಗಕ್ಕೆಂದು ಮಾಡಿದ ಫೋನೋ ಆ ಭಾಗದ ಸಿಮ್ಮಿನಲ್ಲಿ ಒಟ್ಟು ಐದು ನಿಮಿಷ ಮಾತಾಡಿದರೆ ಬಿಡುತ್ತದೆ. ದುಬೈಯಲ್ಲಿ ಕೊಂಡು ಪೆಟ್ಟಿಗೆ ಒಡೆಯದೆ ಭಟ್ಕಳಕ್ಕೆ ಉಡುಗೊರೆ ತರುವವರು ಅಲ್ಲೇ ಐದು ನಿಮಿಷ ಮಾತಾಡಿ ತಂದರೆ ಒಳ್ಳೆಯದು. ನೋಡಿ, ಇಲ್ಲಿ ಲೆಕ್ಕ ಉಲ್ಟಾ: ಅಲ್ಲಿಯ ಸಿಮ್ ಹಾಕದಿದ್ದರೇ ತೊಂದರೆ!

ಐಫೋನಿನಲ್ಲಿ ಅನುಮಾನ ಇದ್ದರೆ ಸೆಟ್ಟಿಂಗ್ಸ್, ಜನರಲ್, ಅಬೌಟ್ ತೆರೆದು ಕೆಳಗೆ "ಕ್ಯಾರಿಯರ್ ಲಾಕ್" ಎಂಬ ಸಾಲು ನೋಡಿ. "ನೋ ಸಿಮ್ ರಿಸ್ಟ್ರಿಕ್ಷನ್ಸ್" ಎಂದಿದ್ದರೆ ಮುಗಿಯಿತು, ಚರ್ಚೆಯೇ ಇಲ್ಲ. ಇಷ್ಟು ಸರಳವಾಗಿ ಫೋನೇ ಹೇಳುತ್ತಿರುವಾಗ ಊರೆಲ್ಲ ಕೇಳಿಕೊಂಡು ತಿರುಗುವುದು ಯಾಕೋ. ಲಾಕ್ ಇದೆ ಎಂದು ತೋರಿಸಿದರೆ, ಸಿಮ್ಮಿನ ಕೆಳಗೆ ತೆಳ್ಳನೆಯ ಚಿಪ್ ಇಟ್ಟು ನಡೆಸಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಅದು ಫೋನಿಗೆ ಸುಳ್ಳು ಸಂಖ್ಯೆ ತೋರಿಸುವ ಉಪಾಯ. ಸಾಫ್ಟ್‌ವೇರ್ ಅಪ್‌ಡೇಟ್ ಆದ ದಿನ ಕೈಕೊಡಬಹುದು.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ಇದರ ಜೊತೆ ಇನ್ನೊಂದನ್ನೂ ನೋಡಬೇಕು. *#06# ಒತ್ತಿದರೆ 15 ಅಂಕಿಯ ಐಎಂಇಐ, ಅಂದರೆ ಆ ಫೋನಿನದೇ ಗುರುತಿನ ಸಂಖ್ಯೆ, ಬರುತ್ತದೆ. ಕೆವೈಎಂ ಎಂದು ಬರೆದು, ಜಾಗ ಬಿಟ್ಟು ಆ ಸಂಖ್ಯೆ ಹಾಕಿ 14422ಕ್ಕೆ ಎಸ್‌ಎಂಎಸ್ ಮಾಡಿ. ಕಳವಾಗಿ ಬ್ಲಾಕ್ ಆದ ಫೋನಾದರೆ ಗೊತ್ತಾಗುತ್ತದೆ. ಕೆವೈಎಂ ಇಂಗ್ಲಿಷ್ ಅಕ್ಷರಗಳಲ್ಲಿರಲಿ, ಕನ್ನಡದಲ್ಲಿ ಕಳಿಸಿ ಉತ್ತರ ಬರಲಿಲ್ಲ ಎಂದು ನನಗೆ ಬರೆಯಬೇಡಿ.

ಯಾರೂ ಕೇಳದ, ಆದರೆ ಕೇಳಬೇಕಾಗಿದ್ದ ಪ್ರಶ್ನೆ ಇನ್ನೊಂದಿದೆ: ಹೊರಗಿದ್ದಾಗ ಊರಿನ ನಂಬರನ್ನು ಉಳಿಸಿಕೊಳ್ಳುವುದು ಹೇಗೆ? ಫೋನ್ ಲಾಕ್ ಆಯಿತೆಂದು ಗಾಬರಿಯಾಗುವವರು, ಬ್ಯಾಂಕಿನ ಓಟಿಪಿ ಬರುವ ನಂಬರ್ ಕೈತಪ್ಪಿದ್ದಕ್ಕೆ ಅರ್ಧದಷ್ಟೂ ಗಾಬರಿಯಾಗುವುದಿಲ್ಲ. ರದ್ದಾದ ನಂಬರನ್ನು ಕನಿಷ್ಠ 90 ದಿನ ಬೇರೆಯವರಿಗೆ ಕೊಡುವುದಿಲ್ಲ ಎಂದು 2023ರಲ್ಲಿ ಟ್ರಾಯ್ ಸುಪ್ರೀಂ ಕೋರ್ಟಿಗೆ ಹೇಳಿದೆ. ಆ ಗಡುವು ಕಳೆದರೆ ಅದು ಯಾರಿಗಾದರೂ ಹೋಗಬಹುದು. ಸೊಸೈಟಿಯಲ್ಲಿ ಅಡಿಕೆ ವಿಕ್ರಿಯಾದ ದುಡ್ಡು ಜಮೆಯಾದ ಸಂದೇಶ ಇನ್ಯಾರದೋ ಜೇಬಿನಲ್ಲಿ ಟಿಂಗ್ ಎನ್ನುತ್ತದೆ.

ಉಪಾಯ ಕಷ್ಟದ್ದಲ್ಲ. ಊರಿನ ಸಿಮ್ಮನ್ನು ತೆಗೆಯಬೇಡಿ, ಎರಡನೇ ಸ್ಲಾಟಿನಲ್ಲಿ ಇರಲಿ. ಹೊರಡುವ ಮೊದಲು ಇಂಟರ್‌ನ್ಯಾಷನಲ್ ರೋಮಿಂಗ್ ಚಾಲೂ ಮಾಡಿಸಿ, ಆದರೆ ಆ ಸಿಮ್ಮಿನ ಡೇಟಾ ರೋಮಿಂಗ್ ಬಂದ್ ಇಡಿ. ಓಟಿಪಿ ಬರುತ್ತದೆ, ಒಳಬರುವ ಎಸ್‌ಎಂಎಸ್‌ಗೆ ದುಡ್ಡು ಹೋಗುವುದಿಲ್ಲ. ಕರೆ ಬಂದರೆ ಎತ್ತಬೇಡಿ, ಎತ್ತಿದರೆ ಹೋಗುತ್ತದೆ. ಮನೆಯಲ್ಲಿ ಉಳಿದವರ ಕೈಯಲ್ಲಿ ಪ್ಯಾಕ್ ಮುಗಿಯುವ ತಾರೀಕು ಕೊಟ್ಟು ರಿಚಾರ್ಜ್ ಮಾಡಿಸುತ್ತಿರಿ. ಹಡಗಿನವರಿಗೆ ನಡುಸಮುದ್ರದಲ್ಲಿ ಟವರ್ ಇಲ್ಲ, ಅವರಿಗೆ ಇದೊಂದೇ ದಾರಿ. ಗಲ್ಫಿನಲ್ಲಿ ನೌಕರಿಯಲ್ಲೇ ಇರುವವರಿಗೆ ಇನ್ನೊಂದು ಅನುಕೂಲ ಇದೆ: 2023ರ ಜನವರಿಯಲ್ಲಿ ಎನ್‌ಪಿಸಿಐ (ಯುಪಿಐ ನೋಡಿಕೊಳ್ಳುವ ಸಂಸ್ಥೆ) ಹತ್ತು ದೇಶಗಳ ನಂಬರಿನಿಂದ ಯುಪಿಐ ನಡೆಸಲು ಒಪ್ಪಿಗೆ ಕೊಟ್ಟಿತು. ಯುಎಇ, ಸೌದಿ, ಓಮನ್, ಕತಾರ್ ಅದರಲ್ಲಿವೆ. ಖಾತೆ ಮಾತ್ರ ಅನಿವಾಸಿ ಭಾರತೀಯರ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಆಗಿರಬೇಕು.

ಮುಂದಿನ ರಜೆಯ ಪ್ರಶ್ನೆಗೂ ಈಗಲೇ ಉತ್ತರ ಬರೆದಿಡುತ್ತೇನೆ. ಅಮೆರಿಕದ ಐಫೋನುಗಳಿಗೆ 2022ರ ಐಫೋನ್ 14ರಿಂದ ಸಿಮ್ ಹಾಕುವ ಕಿಂಡಿಯೇ ಇಲ್ಲ, ಇ-ಸಿಮ್ ಮಾತ್ರ. ಐಫೋನ್ 17ರಿಂದ ಯುಎಇ, ಸೌದಿ, ಓಮನ್, ಕತಾರ್, ಕುವೈತ್, ಬಹರೈನ್‌ಗಳಲ್ಲೂ ಹಾಗೇ ಮಾಡಿದ್ದಾರೆ. ಅದು ಕೆಟ್ಟಿಲ್ಲ, ಲಾಕ್ ಆಗಿಲ್ಲ, ಪಿನ್ ಹಾಕಿ ಚುಚ್ಚಿ ನೋಡಬೇಡಿ. ಜಿಯೋ, ಏರ್‌ಟೆಲ್, ವಿ ಮೂರರಲ್ಲೂ ಈಗಿರುವ ನಂಬರನ್ನೇ ಇ-ಸಿಮ್ ಮಾಡಿಕೊಡುತ್ತಾರೆ. ಬಿಎಸ್‌ಎನ್‌ಎಲ್ ಇದಕ್ಕೆ ಕೈಹಾಕಿದ್ದು ತಡವಾಗಿ. ಘಟ್ಟದ ಮೇಲೆ ಬಿಎಸ್‌ಎನ್‌ಎಲ್ ಬಿಟ್ಟರೆ ಬೇರೆ ಟವರ್ ಸಿಗದ ಊರಿನವರು, ಮಗ ಆ ಫೋನ್ ಕೊಳ್ಳುವ ಮೊದಲೇ ಹತ್ತಿರದ ಎಕ್ಸ್‌ಚೇಂಜಿನಲ್ಲಿ ಕೇಳಿಟ್ಟುಕೊಳ್ಳಿ.