ಕಾವಲಿಗೆ ಕಚ್ಚಿಕೊಂಡ ಅಣು ಬೆಳಗಲ್ಲ

ಕಳೆದ ವಾರ ದಾವಣಗೆರೆ ಮಂಡಿಪೇಟೆಯ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂತಿದ್ದೆ. ಫೋನಿನ ಪರದೆ ಮೇಲೆ ಉದ್ದಕ್ಕೂ ಒಂದು ಹಸಿರು ಗೆರೆ. ಹುಡುಗ ತಿರುಗಿಸಿ ನೋಡಿ, "ಒಎಲ್ಇಡಿ ಸಾರ್, ಹಿಂದೆ ಲೈಟೇ ಇರಲ್ಲ, ಪರದೇನೇ ಉರಿಯುತ್ತೆ" ಎಂದ. ನಿಜ. ಕರೆಂಟ್ ಹರಿದಾಗ ಇಂಗಾಲದ ಅಣುಗಳೇ ಬೆಳಗುತ್ತವೆ. ಹಾಗಾದರೆ ಒಂದೇ ಒಂದು ಅಣುವಿಗೆ ಕರೆಂಟ್ ಕೊಟ್ಟರೆ?

1907ರಲ್ಲೇ ಇಂಗ್ಲೆಂಡಿನ ಎಂಜಿನಿಯರ್ ಹೆನ್ರಿ ರೌಂಡ್, ಸಾಣೆ ಹಿಡಿಯಲು ಬಳಸುವ ಕಾರ್ಬೊರಂಡಮ್ ಹರಳಿಗೆ 10 ವೋಲ್ಟ್ ಕೊಟ್ಟು ಹಳದಿ ಬೆಳಕು ಕಂಡಿದ್ದರು. 1987ರಲ್ಲಿ ಕೊಡಾಕ್‌ನ ಟ್ಯಾಂಗ್ ಮತ್ತು ವ್ಯಾನ್ ಸ್ಲೈಕ್ ಇಂಗಾಲದ ಅಣುಗಳ ತೆಳು ಪದರವನ್ನು ಬೆಳಗಿಸಿದರು. ಅಲ್ಲಿದ್ದದ್ದು ಲೆಕ್ಕವಿಲ್ಲದಷ್ಟು ಅಣುಗಳು. ಒಂದನ್ನೇ ಹಿಡಿಯುವ ಸೂಜಿ ಅಷ್ಟರಲ್ಲಿ ಬಂದಾಗಿತ್ತು: 1981ರ ಬಿನ್ನಿಗ್, ರೋರರ್ ಅವರ ಸ್ಕ್ಯಾನಿಂಗ್ ಟನಲಿಂಗ್ ಸೂಕ್ಷ್ಮದರ್ಶಕ. ಅದರ ಚೂಪು ಲೋಹದ ಸೂಜಿ ಒಂದೊಂದೇ ಅಣುವಿನ ಹತ್ತಿರ ಹೋಗಿ ಕರೆಂಟ್ ಹರಿಸಬಲ್ಲದು.

1993ರಲ್ಲಿ ಚಿನ್ನದ ಮೇಲಿಟ್ಟ, ತಲಾ 60 ಇಂಗಾಲದ ಪರಮಾಣುಗಳಿಂದಾದ ಚೆಂಡಿನಂಥ ಅಣುಗಳ ಮೇಲೆ ಆ ಸೂಜಿ ಆಡಿಸಿದಾಗ ಬೆಳಕೇನೋ ಬಂತು. ಆದರೆ ಅದು ಅಣುವಿನ ಸ್ವಂತ ಬೆಳಕು ಎಂದು ಖಚಿತವಾಗಿ ಹೇಳುವ ಹಾಗಿರಲಿಲ್ಲ. ಸೂಜಿ ಮತ್ತು ಚಿನ್ನದ ನಡುವೆಯೂ ಬೆಳಕು ಹುಟ್ಟುತ್ತೆ.

ತೊಡಕು ಏನು ಅಂದರೆ, ಬೆಣ್ಣೆ ಹಾಕದ ಕಾವಲಿಗೆ ದೋಸೆ ಕಚ್ಚುವ ಹಾಗೆ ಅಣು ಲೋಹಕ್ಕೆ ಕಚ್ಚಿಕೊಳ್ಳುತ್ತೆ. ಅಣುವಿನೊಳಗಿನ ಹೆಚ್ಚು ಶಕ್ತಿಯ ಮಟ್ಟಕ್ಕೆ ಬಂದ ಎಲೆಕ್ಟ್ರಾನ್ ಕೆಳಗಿಳಿಯುವಾಗ ಬೆಳಕು ಚೆಲ್ಲಬೇಕು. ಅಷ್ಟರೊಳಗೆ ಲೋಹ ಆ ಶಕ್ತಿಯನ್ನು ನುಂಗಿಬಿಡುತ್ತೆ. ಕರೆಂಟ್ ಕೊಡೋದೂ ಲೋಹವೇ, ಬೆಳಕು ಕಸಿಯೋದೂ ಲೋಹವೇ. ವಿಚಿತ್ರ ಅಲ್ವಾ?

2003ರಲ್ಲಿ ಕ್ಯಾಲಿಫೋರ್ನಿಯಾದ ವಿಲ್ಸನ್ ಹೋ ತಂಡ ನಡುವೆ 'ಬೆಣ್ಣೆ' ಸವರಿತು. ಅದು ಅಲ್ಯುಮಿನಿಯಂ ಆಕ್ಸೈಡಿನ ತೆಳು ಪದರ. ಅದರ ಮೇಲಿಟ್ಟ ಪಾರ್ಫಿರಿನ್ ಎಂಬ ಉಂಗುರದಂಥ ಅಣು ತನ್ನದೇ ಬೆಳಕು ಬೀರಿತು. ಅದರ ನಡುಕದ ಗುರುತೂ ಬೆಳಕಿನಲ್ಲೇ ಸಿಕ್ಕಿತು. ನನಗೆ ಇಷ್ಟವಾದದ್ದು ಆಮೇಲಿನ ಉಪಾಯ: ಅಡುಗೆ ಉಪ್ಪು! ಕೆಲವೇ ಪರಮಾಣು ದಪ್ಪದ ಉಪ್ಪಿನ ಹಾಸು. 2016ರಲ್ಲಿ ಚೀನಾದ ಹೆಫೈನವರು ಅದರ ಮೇಲೆ ಸತುವಿನ ಥ್ಯಾಲೋಸಯನಿನ್ ಎಂಬ ಬಣ್ಣದ ಅಣುಗಳನ್ನು ಸೂಜಿಯಿಂದಲೇ ತಳ್ಳಿ ಅಕ್ಕಪಕ್ಕ ಕೂರಿಸಿದರು. ಆಗ ಅಣುಗಳು ಒಂದಕ್ಕೊಂದು ತಾಳ ಹಾಕಿದಂತೆ ಜೊತೆಯಾಗಿ ಬೆಳಗಿದವು. ಇದರ ತಾಮ್ರದ ತಮ್ಮ ನಮ್ಮ ಮದುವೆ ಕಾರ್ಡಿನ ನೀಲಿ ಶಾಯಿಯಲ್ಲೂ ಇರಬಹುದು.

2017ರಲ್ಲಿ ಇಂಥದ್ದೇ ಅಣು ಫೋಟಾನ್‌ಗಳನ್ನು, ಅಂದರೆ ಬೆಳಕಿನ ಕಣಗಳನ್ನು, ಒಂದೊಂದಾಗಿ ಬಿಡೋದನ್ನು ತೋರಿಸಿದರು. ಇದೆಲ್ಲ ನಡೆಯೋದು ದ್ರವ ಹೀಲಿಯಂನ ಚಳಿಯಲ್ಲಿ, ಗಾಳಿಯೇ ಇಲ್ಲದ ಉಕ್ಕಿನ ಗೂಡಿನೊಳಗೆ. ಸದ್ಯಕ್ಕೆ ಮಂಡಿಪೇಟೆಗೆ ಬರುವಂಥದ್ದಲ್ಲ.

ಹುಡುಗ ಹೊಸ ಡಿಸ್‌ಪ್ಲೇ ರೇಟು ಹೇಳಿದ. ಗೆರೆ ಇದ್ದರೆ ಇರಲಿ ಅಂತ ಸುಮ್ನೆ ಫೋನ್ ವಾಪಸ್ ಇಸ್ಕೊಂಡೆ.