ದಪ್ಪ ಉಲ್ಲನ್‌ನಲ್ಲಿ ಹೆಣೆದರೆ ಕೋಟು ಹೆಚ್ಚು ಬೆಚ್ಚಗಿರುತ್ತದೆಯೇ?

ಪ್ರಶ್ನೆ: ಮಗಳಿಗೆ ದೆಹಲಿಯಲ್ಲಿ ಎಂ.ಎ. ಸೀಟು ಸಿಕ್ಕಿದೆ. ಚಳಿ ಏರುವ ಮೊದಲು ಮಂಡಿಯವರೆಗೆ ಬರುವ ಕೋಟೊಂದನ್ನು ಕ್ರೋಶಾದಲ್ಲಿ ನಾನೇ ಹೆಣೆದು ಕಳುಹಿಸಬೇಕೆಂದಿದ್ದೇನೆ. ಅಂಗಡಿಯಲ್ಲಿ ಸಿಗುವ ಅತಿ ದಪ್ಪನೆಯ ಉಲ್ಲನ್ ದಾರವನ್ನೇ ತರುತ್ತೇನೆ. ಎಷ್ಟು ಉಂಡೆ ಬೇಕಾಗುತ್ತದೆ?
– ಓದುಗರೊಬ್ಬರು, ಕುವೆಂಪುನಗರ, ಮೈಸೂರು

ದಸರಾ ಗೊಂಬೆಗಳನ್ನು ಪೆಟ್ಟಿಗೆಗೆ ತುಂಬಿ ಅಟ್ಟಕ್ಕೆ ಏರಿಸುವ ಹೊತ್ತಿಗೆ ಸರಿಯಾಗಿ ಈ ಪ್ರಶ್ನೆ ಪ್ರತಿ ವರ್ಷವೂ ಬರುತ್ತದೆ. ದೆಹಲಿಯ ಜಾಗದಲ್ಲಿ ಟೊರಾಂಟೊ ಇರುತ್ತದೆ, ಮಗಳ ಜಾಗದಲ್ಲಿ ಮೊಮ್ಮಗ ಇರುತ್ತಾನೆ. ‘ಅತಿ ದಪ್ಪನೆಯ ಉಲ್ಲನ್’ ಮಾತ್ರ ಇದ್ದಲ್ಲೇ ಇರುತ್ತದೆ. ಉಂಡೆಯ ಲೆಕ್ಕಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ದಪ್ಪ ದಾರವನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಚಳಿಯನ್ನು ತಡೆಯುವ ಕೆಲಸದ ಬಹುಪಾಲನ್ನು ಮಾಡುವುದು ಗಾಳಿ. ಉಣ್ಣೆಯ ಎಳೆಗಳು ಸುರುಳಿ ಸುರುಳಿಯಾಗಿರುವುದರಿಂದ ಅವುಗಳ ಸಂದಿಯಲ್ಲಿ ಗಾಳಿ ಸಿಕ್ಕಿಕೊಂಡು ಅಲುಗಾಡದೆ ನಿಲ್ಲುತ್ತದೆ. ನಿಂತ ಗಾಳಿ ಮೈಯ ಶಾಖವನ್ನು ಸುಲಭವಾಗಿ ಹೊರಗೆ ಸಾಗಿಸುವುದಿಲ್ಲ. ಅದೇ ಗಾಳಿ ಓಡಾಡತೊಡಗಿದರೆ ಶಾಖವನ್ನೂ ಜೊತೆಗೆ ಕೊಂಡೊಯ್ಯುತ್ತದೆ. ಇನ್ನು ಅತಿ ದಪ್ಪ ದಾರವನ್ನು ನೋಡಿ. ಅದಕ್ಕೆ 8 ಅಥವಾ 9 ಮಿಲಿಮೀಟರಿನ ಕಡ್ಡಿ ಬೇಕು. ಆ ಕಡ್ಡಿಯಲ್ಲಿ ಎಳೆದ ಪ್ರತಿ ಕುಣಿಕೆಯ ಬುಡದಲ್ಲೂ ಕಿರುಬೆರಳ ತುದಿ ಹೊಗುವಷ್ಟು ತೂತು ಉಳಿಯುತ್ತದೆ. ಕೈಗೆ ಮೆತ್ತಗೆ, ದಪ್ಪಗೆ ಸಿಗುತ್ತದೆ, ನಿಜ. ಮುಂಜಾನೆ ಸ್ಕೂಟರಿನಲ್ಲಿ ಕೂತು ಚಾಮುಂಡಿಬೆಟ್ಟದಿಂದ ಇಳಿಯುವಾಗ ಅದೇ ಹೆಣಿಗೆ ಎದೆಯ ಮೇಲಿದ್ದರೆ ಜರಡಿ ಹೊದ್ದಂತಿರುತ್ತದೆ. ಧನುರ್ಮಾಸದಲ್ಲೂ ನಮ್ಮಲ್ಲಿ ಚಳಿ 15 ಡಿಗ್ರಿಯ ಆಸುಪಾಸು. ದೆಹಲಿಯಲ್ಲಿ ಜನವರಿಯ ಕೆಲವು ಬೆಳಗುಗಳಲ್ಲಿ 5ಕ್ಕಿಂತ ಕೆಳಗಿಳಿಯುತ್ತದೆ.

‘ಅಂಗಡಿಯ ದಪ್ಪ ಸ್ವೆಟರ್ ಬೆಚ್ಚಗಿರುತ್ತದಲ್ಲ?’ ಎಂದು ತರಗತಿಯಲ್ಲಿ ಪ್ರತಿ ಸಲವೂ ಒಬ್ಬರಾದರೂ ಕೇಳುತ್ತಾರೆ. ಆ ಸ್ವೆಟರನ್ನು ಬೆಳಕಿಗೆ ಹಿಡಿದು ನೋಡಿದ್ದೀರಾ? ಅದು ಯಂತ್ರದಲ್ಲಿ ಒತ್ತೊತ್ತಾಗಿ ಹೆಣೆದದ್ದು. ಒಳಗಿನ ದಾರ ನೀವು ಅಂದುಕೊಂಡಷ್ಟು ದಪ್ಪಗಿರುವುದೇ ಇಲ್ಲ. ಬೆಚ್ಚಗಿರುವುದು ಒತ್ತಿನಿಂದ.

ಎರಡನೆಯದು ಭಾರ. ನನ್ನ ಮೊದಲ ಕೋಟನ್ನು ನಾನೂ ದಪ್ಪ ದಾರದಲ್ಲೇ ಹೆಣೆದೆ. ಎರಡು ತಿಂಗಳ ಕೆಲಸ ಅದು. ಬೀರುವಿನಲ್ಲಿ ಹ್ಯಾಂಗರಿಗೆ ಹಾಕಿಟ್ಟು ಒಂದು ತಿಂಗಳ ನಂತರ ತೆಗೆದಾಗ ಅಂಚು ನಾಲ್ಕು ಬೆರಳು ಕೆಳಗಿಳಿದಿತ್ತು, ಭುಜ ತೋಳಿನ ಮೇಲೆ ಜಾರಿತ್ತು. ಬಿಚ್ಚಿ ಉಂಡೆ ಸುತ್ತುವಾಗ ಆದ ಸಂಕಟ ಇನ್ನೂ ನೆನಪಿದೆ. ಅದು ನಿಮಗೂ ಆಗುವುದು ಬೇಡವೆಂದೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಾಗಾಗಿ ಮಧ್ಯಮ ದಪ್ಪದ ದಾರ ತನ್ನಿ, 100 ಗ್ರಾಮಿಗೆ ಸುಮಾರು 200 ಮೀಟರ್ ಬರುವಂಥದ್ದು. ಲೇಬಲ್ಲಿನಲ್ಲಿ 5 ಮಿಲಿಮೀಟರ್ ಕಡ್ಡಿ ಎಂದಿದ್ದರೆ ಕೋಟಿಗೆ 4.5 ಸಾಕು. ಒಂದು ಸಿಂಗಲ್ ಕ್ರೋಶಾ (ಗಿಡ್ಡ, ಒತ್ತಾದ ಕುಣಿಕೆ), ಒಂದು ಚೈನ್ (ಬರಿಯ ಸರಪಳಿ ಕುಣಿಕೆ). ಮುಂದಿನ ಸಾಲಿನಲ್ಲಿ ಆ ಚೈನಿನ ಸಂದಿಯೊಳಗೆ ಸಿಂಗಲ್. ಇಷ್ಟೇ ಹೆಣಿಗೆ. ಒಂದು ಸಾಲಿನ ತೂತನ್ನು ಮುಂದಿನ ಸಾಲು ಮುಚ್ಚುತ್ತಾ ಹೋಗುತ್ತದೆ, ಬಟ್ಟೆ ಸೆಟೆದುಕೊಳ್ಳುವುದೂ ಇಲ್ಲ. (ಅಮೆರಿಕದವರು ಸಿಂಗಲ್ ಎನ್ನುವುದನ್ನೇ ಬ್ರಿಟಿಷರು ಡಬಲ್ ಎನ್ನುತ್ತಾರೆ. ನಾನು ಹೇಳುತ್ತಿರುವುದು ಅಮೆರಿಕದ ಸಿಂಗಲ್.) ಒಳಗೆ ದರ್ಜಿಯಿಂದ ಲೈನಿಂಗ್ ಹಾಕಿಸಿ. ಗಾಳಿಯನ್ನು ತಡೆಯುವುದರಲ್ಲಿ ಅರ್ಧ ಕೆಲಸ ಅದರದ್ದೇ, ಭಾರ ಹೊರುವುದರಲ್ಲೂ ಅದಕ್ಕೆ ಪಾಲಿದೆ.

ನಾವು ಉಲ್ಲನ್ ಎಂದು ಕರೆಯುವುದರಲ್ಲಿ ಬಹಳಷ್ಟು ಅಕ್ರಿಲಿಕ್ ಎಂಬುದನ್ನೂ ನೆನಪಿಡಿ. ಲೇಬಲ್ ಇಲ್ಲದಿದ್ದರೆ ಒಂದು ತುಣುಕನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಈಗ ಲೆಕ್ಕ. 15 ಸೆಂಟಿಮೀಟರ್ ಉದ್ದಗಲದ ಮಾದರಿ ತುಂಡೊಂದನ್ನು ಹೆಣೆಯಿರಿ. ಒಗೆದು, ಒಣಗಿಸಿ, ಒಂದು ರಾತ್ರಿ ನೇತುಹಾಕಿ, ಆಮೇಲೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. 12 ಗ್ರಾಂ ಬಂತೆನ್ನಿ. ಮಗಳ ಎದೆಸುತ್ತು 90 ಆದರೆ ಒಳಗೆ ಸ್ವೆಟರ್ ಹಿಡಿಸಲು 15 ಸೇರಿಸಿ, 105. ಉದ್ದ 95. ಮೈಭಾಗಕ್ಕೆ ಸುಮಾರು 10,000 ಚದರ ಸೆಂಟಿಮೀಟರ್, ಎರಡು ತೋಳಿಗೆ 3,800, ಕಾಲರು, ಗುಂಡಿಪಟ್ಟಿ, ಜೇಬುಗಳಿಗೆ 1,500. ಒಟ್ಟು 15,300. ಇಂಥ 68 ತುಂಡುಗಳಷ್ಟಾಯಿತು, ಅಂದರೆ 816 ಗ್ರಾಂ. ಕೈತಪ್ಪಿಗೆಂದು ಹತ್ತರಲ್ಲೊಂದು ಪಾಲು ಸೇರಿಸಿ 900 ಗ್ರಾಂ, 50 ಗ್ರಾಮಿನ 18 ಉಂಡೆ. ದಪ್ಪ ದಾರದಲ್ಲಿ ಅದೇ ತುಂಡು 20 ಗ್ರಾಂ ತೂಗಿದರೆ ಕೋಟು ಒಂದೂವರೆ ಕಿಲೋ! ಎಲ್ಲ ಉಂಡೆಗಳನ್ನೂ ಒಂದೇ ಸಲಕ್ಕೆ, ಒಂದೇ ಲಾಟ್ ನಂಬರಿನವನ್ನೇ ಕೊಳ್ಳಿ. ಬಣ್ಣ ಹಾಕಿದ ಸರದಿ ಬೇರೆಯಾದರೆ ಬೆನ್ನಿನ ಮೇಲೆ ಗೆರೆ ಎದ್ದು ಕಾಣುತ್ತದೆ.

ಮಾದರಿ ತುಂಡನ್ನು ಬಿಟ್ಟೇ ಶುರುಮಾಡುತ್ತೇವೆ ಎನ್ನುವವರಿಗೆ ಇನ್ನೊಂದು ಲೆಕ್ಕ. 10 ಸೆಂಟಿಮೀಟರಿಗೆ 14 ಕುಣಿಕೆ ಎಂದುಕೊಂಡು 147 ಹಾಕಿದಿರಿ. ನಿಮ್ಮ ಕೈ ಸಡಿಲವಾಗಿ 13 ಮಾತ್ರ ಬಂತು. ಒಂದೇ ಕುಣಿಕೆಯ ವ್ಯತ್ಯಾಸಕ್ಕೆ ಕೋಟಿನ ಸುತ್ತಳತೆ 105ರ ಬದಲು 113 ಆಗುತ್ತದೆ. ಅಳತೆಗೆ ಮಗಳಿಗೆ ಒಪ್ಪುವ ಕುರ್ತಾವೊಂದನ್ನು ನೆಲಕ್ಕೆ ಹರಡಿ, ಹಳೆಯ ದಿನಪತ್ರಿಕೆಯ ಹಾಳೆಗಳ ಮೇಲೆ ಬೆನ್ನು, ಎರಡು ಮುಂಭಾಗ, ಎರಡು ತೋಳು ಬರೆದುಕೊಳ್ಳಿ. ಐದನ್ನೂ ಬೇರೆ ಬೇರೆ ಹೆಣೆದು ಜೋಡಿಸಿ. ಜೋಡಣೆಯ ಗೆರೆಗಳೇ ಕೋಟಿನ ಮೂಳೆ. ಅವಿದ್ದರೆ ಭುಜ ಜಾರುವುದಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಊರಿನ ಉಣ್ಣೆಯ ಮಾತನ್ನೂ ಎತ್ತುತ್ತೇನೆ. ಪಕ್ಕದ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಲ್ಲಿ ಬಂಡೂರು ಇದೆ, ಅಲ್ಲಿನ ಕುರಿಗೆ ದೊಡ್ಡ ಹೆಸರಿದೆ. ಹಾಗಿದ್ದರೆ ಅದರ ಉಣ್ಣೆಯಲ್ಲೇ ಕೋಟು ಏಕಾಗಬಾರದು? ಬಂಡೂರು ಕುರಿಯ ಹೆಸರು ಮಾಂಸಕ್ಕೆ. ಅದರ ಉಣ್ಣೆ ಒರಟು, ಕೂದಲಿನಂಥದ್ದು. ಎಳೆ ಸುಮಾರು 30 ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪವಾದರೆ ಅದರ ತುದಿ ಬಾಗದೆ ಚರ್ಮಕ್ಕೆ ಚುಚ್ಚುತ್ತದೆ. ‘ಉಣ್ಣೆ ನನಗಾಗುವುದಿಲ್ಲ’ ಎನ್ನುವ ಅನೇಕರಿಗೆ ಆಗದಿರುವುದು ಈ ಚುಚ್ಚುವಿಕೆ. ಮೆರಿನೊ ಎಳೆ ಸಾಮಾನ್ಯವಾಗಿ 24 ಮೈಕ್ರಾನ್‌ಗಿಂತ ತೆಳ್ಳಗಿರುವುದರಿಂದ ಕೊರಳ ಹತ್ತಿರವೂ ಹಿತವಾಗಿರುತ್ತದೆ.

ಆದರೂ ಒರಟು ಉಣ್ಣೆಯಿಂದ ಏನು ಸಾಧ್ಯ ಎಂಬುದನ್ನು ಕುರುಬರ ಕಂಬಳಿಯಲ್ಲಿ ನೋಡಬೇಕು. ನೂಲಿಗೆ ಹುಣಸೆಬೀಜದ ಗಂಜಿ ಹಾಕಿ ಮಗ್ಗದಲ್ಲಿ ಬಿಗಿಯಾಗಿ ನೇಯ್ದ ಆ ಬಟ್ಟೆ ಅಂಥ ದಪ್ಪವೇನಲ್ಲ. ಅದನ್ನೇ ಹೊದ್ದು ಕುರಿ ಕಾಯುವವರು ಮಳೆಯಲ್ಲೂ ಗಾಳಿಯಲ್ಲೂ ಬಯಲಲ್ಲಿ ರಾತ್ರಿ ಕಳೆದಿದ್ದಾರೆ. ನಿಮ್ಮ ಮನೆಯ ಅಟ್ಟದಲ್ಲಿ ತಾತನ ಕಾಲದ ಕಂಬಳಿಯೊಂದು ಇದ್ದರೆ ಇಳಿಸಿ, ಕಿಟಕಿಯ ಬೆಳಕಿಗೆ ಹಿಡಿಯಿರಿ. ಪಕ್ಕದಲ್ಲಿ ನಿಮ್ಮ ಮಾದರಿ ತುಂಡನ್ನೂ ಹಿಡಿಯಿರಿ. ತುಂಡಿನಲ್ಲಿ ಹೆಚ್ಚು ಬೆಳಕು ತೂರಿಬಂದರೆ ಕಡ್ಡಿಯನ್ನು ಅರ್ಧ ಮಿಲಿಮೀಟರ್ ಇಳಿಸಿ ಇನ್ನೊಂದು ತುಂಡು ಹೆಣೆಯಿರಿ. ಎರಡೂ ಹೆಚ್ಚುಕಡಿಮೆ ಒಂದೇ ಎನ್ನಿಸಿದ ದಿನ ಮಗಳ ಕೋಟಿನ ಬೆನ್ನಿಗೆ ಮೊದಲ ಚೈನ್ ಹಾಕಿ.