ಪ್ಲಗ್ ಕಿತ್ತ ಮೇಲೂ ಉಳಿಯುವ ವಿದ್ಯುತ್

ವಾಲ್ವ್ (ನಿರ್ವಾತ ಕೊಳವೆ) ಬಳಸುವ ಆಂಪ್ಲಿಫೈಯರ್‌ಗಳ ರಿಪೇರಿಯಲ್ಲಿ ಗೋಡೆಯ ಸಾಕೆಟ್‌ಗೆ ಹೆದರುವವರು ಬಹಳ, ಪ್ಲಗ್ ಕಿತ್ತ ಪೆಟ್ಟಿಗೆಗೆ ಹೆದರುವವರು ಕಡಿಮೆ. ಆದರೆ ಸಾಕೆಟ್‌ನ 230 ವೋಲ್ಟ್‌ಗಿಂತ ಹೆಚ್ಚಿನ ವೋಲ್ಟೇಜ್ ಆ ಪೆಟ್ಟಿಗೆಯೊಳಗೆ ಉಳಿದಿರಬಹುದು. ವಾಲ್ವ್‌ನ ಕಾದ ಕ್ಯಾಥೋಡ್‌ನಿಂದ ಹೊರಬಿದ್ದ ಎಲೆಕ್ಟ್ರಾನ್‌ಗಳು ನಿರ್ವಾತವನ್ನು ದಾಟಿ ಪ್ಲೇಟನ್ನು ಸೇರಬೇಕು. ಪವರ್ ವಾಲ್ವ್‌ಗಳಲ್ಲಿ ಅವುಗಳನ್ನು ಸೆಳೆಯಲು ಸಾಮಾನ್ಯವಾಗಿ 250ರಿಂದ 500 ವೋಲ್ಟ್ ಡಿ.ಸಿ. ಬೇಕು. ಎ.ಸಿ.ಯನ್ನು ಡಿ.ಸಿ.ಗೆ ತಿರುಗಿಸಿದಾಗ ಉಳಿಯುವ ಏರಿಳಿತ ಸ್ಪೀಕರ್‌ನಲ್ಲಿ ಗುಂಯ್‌ಗುಡುವುದರಿಂದ, ಅದನ್ನು ಅಡಗಿಸಲು ದೊಡ್ಡ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳನ್ನು ಹಾಕಿರುತ್ತಾರೆ. ಚಾರ್ಜನ್ನು ಹಿಡಿದಿಟ್ಟುಕೊಳ್ಳುವುದೇ ಅವುಗಳ ಕೆಲಸ. ಕರೆಂಟ್ ಹೋದರೂ ಅವು ಆ ಕೆಲಸವನ್ನು ಬಿಡುವುದಿಲ್ಲ.

1963ರಲ್ಲಿ ಬಂದು ಗಿಟಾರ್ ವಾದಕರ ಅಚ್ಚುಮೆಚ್ಚಾದ ಫೆಂಡರ್ ಕಂಪನಿಯ ಟ್ವಿನ್ ರಿವರ್ಬ್ ಆಂಪ್ಲಿಫೈಯರ್‌ನಲ್ಲಿ 70 ಮೈಕ್ರೊಫ್ಯಾರಡ್‌ನ ಎರಡು ಕೆಪಾಸಿಟರ್‌ಗಳು ಸರಣಿಯಲ್ಲಿದ್ದು, ಒಟ್ಟು 35 ಮೈಕ್ರೊಫ್ಯಾರಡ್ ಆಗುತ್ತವೆ. ಅವುಗಳ ಮೇಲೆ ಸುಮಾರು 460 ವೋಲ್ಟ್ ನಿಂತಿರುತ್ತದೆ. ಲೆಕ್ಕ ಹಾಕಿದರೆ ಸಿಗುವ ಶಕ್ತಿ 3.7 ಜೂಲ್, ಅಂದರೆ ಒಂದು ಕಿಲೋ ತೂಕದ ಕಲ್ಲು ಮೊಣಕಾಲಿಗಿಂತ ತಗ್ಗಿನಿಂದ ಬಿದ್ದಷ್ಟು. ಆದರೆ ಈ ಶಕ್ತಿ ಸಾಗುವ ದಾರಿ ಎದೆಯ ಮೂಲಕ ಹಾದುಹೋಗಬಹುದು. ಒಂದು ಕೈ ಚಾಸಿಯ (ಲೋಹದ ಚೌಕಟ್ಟಿನ) ಮೇಲಿದ್ದು ಇನ್ನೊಂದು ಕೈಯ ಬೆರಳು ಕೆಪಾಸಿಟರ್‌ನ ತುದಿಗೆ ತಗುಲಿದರೆ, ದೇಹದ ರೋಧ 1,000 ಓಮ್ ಎಂದಿಟ್ಟುಕೊಂಡರೂ ಮೊದಲ ಕ್ಷಣದಲ್ಲಿ 460 ಮಿಲಿಆಂಪಿಯರ್ ಹರಿಯುತ್ತದೆ. ಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ ಅದು ಬಹುಮಟ್ಟಿಗೆ ಇಳಿಯುತ್ತದೆ, ನಿಜ. ಆದರೂ ಹೃದಯದ ಲಯ ತಪ್ಪುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಬೆಚ್ಚಿ ಕೈ ಎಳೆದುಕೊಂಡಾಗ ತಗಡಿನ ಅಂಚಿಗೆ ಚರ್ಮ ಸೀಳುವುದು ಬೇರೆ.

ಮನೆಯಲ್ಲಿ 30 ಮಿಲಿಆಂಪಿಯರ್‌ಗೆ ಟ್ರಿಪ್ ಆಗುವ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್) ಇದೆ ಎಂಬ ಧೈರ್ಯವೂ ಇಲ್ಲಿ ಸಲ್ಲದು. ಫೇಸ್‌ನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಮರಳಿತೇ ಎಂಬುದನ್ನಷ್ಟೇ ಅದು ನೋಡುತ್ತದೆ. ಕೆಪಾಸಿಟರ್‌ನಿಂದ ದೇಹಕ್ಕೆ ಹರಿದು ಚಾಸಿಗೆ ಹಿಂದಿರುಗುವ ಕರೆಂಟ್ ಅದರ ಲೆಕ್ಕಕ್ಕೇ ಬರುವುದಿಲ್ಲ.

ಸುಸ್ಥಿತಿಯಲ್ಲಿರುವ ಆಂಪ್ಲಿಫೈಯರ್ ಸಾಮಾನ್ಯವಾಗಿ ತನ್ನ ಚಾರ್ಜನ್ನು ತಾನೇ ಖಾಲಿ ಮಾಡಿಕೊಳ್ಳುತ್ತದೆ. ಸ್ವಿಚ್ ಆರಿಸಿದ ಮೇಲೂ ಕ್ಯಾಥೋಡ್ ಸ್ವಲ್ಪ ಹೊತ್ತು ಬಿಸಿಯಾಗಿರುವುದರಿಂದ ವಾಲ್ವ್‌ಗಳು ಕರೆಂಟ್ ಎಳೆಯುತ್ತಲೇ ಇರುತ್ತವೆ. ನುಡಿಸುತ್ತಿದ್ದ ಸ್ವರ ಥಟ್ಟನೆ ನಿಲ್ಲದೆ ಕೆಲವು ಸೆಕೆಂಡು ಕುಗ್ಗುತ್ತ ಹೋಗುವುದು ಇದೇ ಕಾರಣಕ್ಕೆ. ಆದರೆ ರಿಪೇರಿಯ ಮೇಜಿಗೆ ಬರುವುದು ಸುಸ್ಥಿತಿಯಲ್ಲಿರುವ ಆಂಪ್ಲಿಫೈಯರ್ ಅಲ್ಲವಲ್ಲ. ವಾಲ್ವ್‌ಗಳನ್ನು ಕಿತ್ತಿಟ್ಟು ಆನ್ ಮಾಡಿದ್ದರೆ, ಕ್ಯಾಥೋಡನ್ನು ಕಾಯಿಸುವ ಹೀಟರ್ ಸುಟ್ಟುಹೋಗಿದ್ದರೆ, ಅಥವಾ ಸ್ಟ್ಯಾಂಡ್‌ಬೈ ಸ್ವಿಚ್ ಕೆಪಾಸಿಟರನ್ನು ವಾಲ್ವ್‌ಗಳಿಂದ ಬೇರ್ಪಡಿಸಿದ್ದರೆ, ವಾಲ್ವ್‌ಗಳ ಮೂಲಕ ಚಾರ್ಜ್ ಹರಿದುಹೋಗುವ ದಾರಿಯೇ ಮುಚ್ಚಿರುತ್ತದೆ. ಟ್ವಿನ್ ರಿವರ್ಬ್‌ನ ಆ ಎರಡು ಕೆಪಾಸಿಟರ್‌ಗಳಿಗೆ ಅಡ್ಡಲಾಗಿ ತಲಾ 220 ಕಿಲೋಓಮ್‌ನ ರೆಸಿಸ್ಟರ್ ಇದೆ. ಅವು ಸರಿಯಿದ್ದರೆ 460 ವೋಲ್ಟ್ ಅರ್ಧ ನಿಮಿಷ ದಾಟುವಷ್ಟರಲ್ಲಿ 50ರ ಆಸುಪಾಸಿಗೆ ಇಳಿಯುತ್ತದೆ. ಹಳೆಯ ಕಾರ್ಬನ್ ರೆಸಿಸ್ಟರ್‌ಗಳ ರೋಧವಾದರೋ ವರ್ಷಗಳುರುಳಿದಂತೆ ಏರುತ್ತದೆ, ಕೆಲವು ಒಳಗೇ ಸಂಪರ್ಕ ಕಡಿದು ಪೂರ್ತಿ ಓಪನ್ ಆಗಿಬಿಡುತ್ತವೆ, ಮತ್ತು ಹೊರನೋಟಕ್ಕೆ ಏನೂ ತಿಳಿಯದಿರಬಹುದು. ಆದ್ದರಿಂದ ‘ರಾತ್ರಿಯಿಂದ ಆಫ್ ಆಗಿತ್ತು’ ಎಂಬ ಮಾತನ್ನು ನಂಬಿ ನಾನು ಕೈ ಹಾಕುವುದಿಲ್ಲ.

ನಂಬಬೇಕಾದದ್ದು ಮಲ್ಟಿಮೀಟರನ್ನು. ಎಲೆಕ್ಟ್ರಿಷಿಯನ್‌ಗಳ ಜೇಬಿನಲ್ಲಿರುವ ನಿಯಾನ್ ಟೆಸ್ಟರ್ ಇಲ್ಲಿ ಮೋಸ ಮಾಡುತ್ತದೆ. ಪ್ಲಗ್ ಕಿತ್ತ ಮೇಲೆ ಚಾಸಿಗೆ ಅರ್ಥಿಂಗ್ ಸಂಪರ್ಕವಿರದ ಕಾರಣ ಕರೆಂಟ್ ಸುತ್ತು ಪೂರ್ಣವಾಗದೆ ಅದು ಬೆಳಗದಿರಬಹುದು. 1,000 ವೋಲ್ಟ್ ಡಿ.ಸಿ. ತಡೆಯುವ ಮೀಟರನ್ನು ಮೊದಲು ಬ್ಯಾಟರಿಯೊಂದರ ಮೇಲೆ ಪರೀಕ್ಷಿಸಿ, ಅದರ ಕಪ್ಪು ತಂತಿಯನ್ನು ಮೊಸಳೆ ಕ್ಲಿಪ್ಪಿನಿಂದ ಚಾಸಿಗೆ ಸಿಕ್ಕಿಸಿ, ಇನ್ನೊಂದು ಕೈಯನ್ನು ಬೆನ್ನ ಹಿಂದಿಟ್ಟುಕೊಂಡು, ಕೆಂಪು ಮೊನೆಯನ್ನು ಒಂದೇ ಕೈಯಿಂದ ಮುಟ್ಟಿಸಬೇಕು. ಸರಣಿಯಲ್ಲಿರುವ ಕೆಪಾಸಿಟರ್‌ಗಳನ್ನು ಒಂದೊಂದಾಗಿಯೇ ಅಳೆಯಬೇಕು, ಏಕೆಂದರೆ ಒಂದರ ಚಾರ್ಜ್ ಇನ್ನೊಂದಕ್ಕೆ ವಿರುದ್ಧವಾಗಿ ನಿಂತು ಒಟ್ಟು ಮೊತ್ತ ಸೊನ್ನೆ ಎಂದು ತೋರಬಹುದು.

ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವ ರೂಢಿ ನನಗೆ ಒಪ್ಪಿಗೆಯಿಲ್ಲ. ಕಿಡಿ ಹಾರಿ ಲೋಹ ಕರಗುತ್ತದೆ, ಕೆಪಾಸಿಟರ್‌ಗೂ ಪೆಟ್ಟು ಬೀಳಬಹುದು. ಸಾಕಷ್ಟು ವೋಲ್ಟೇಜ್ ತಡೆಯುವ, 10 ಕಿಲೋಓಮ್‌ನ 5 ವಾಟ್ ವೈರ್‌ವೌಂಡ್ ರೆಸಿಸ್ಟರ್‌ನ ಒಂದು ತುದಿಯನ್ನು ಚಾಸಿಗೆ ಕ್ಲಿಪ್ ಮಾಡಿ, ಇನ್ನೊಂದು ತುದಿಗೆ ಪೂರ್ತಿ ಇನ್ಸುಲೇಶನ್ ಇರುವ ಪ್ರೋಬ್ ಜೋಡಿಸಿ ಧನ ತುದಿಗೆ ಮುಟ್ಟಿಸಿದರೆ 35 ಮೈಕ್ರೊಫ್ಯಾರಡ್ ಎರಡು ಸೆಕೆಂಡಿನೊಳಗೆ ಖಾಲಿಯಾಗುತ್ತದೆ. ಮುಂದಿನ ಹಂತಗಳ ಕೆಪಾಸಿಟರ್‌ಗಳೂ ಇರುವುದರಿಂದ ಹತ್ತು ಸೆಕೆಂಡು ಹಿಡಿದು, ಬಳಿಕ ಪ್ರತಿಯೊಂದನ್ನೂ ಅಳೆಯುವುದು ಲೇಸು. ಹಂತಗಳ ನಡುವಿನ ರೆಸಿಸ್ಟರ್ ಓಪನ್ ಆಗಿದ್ದರೆ ಅದರಾಚೆಯ ಕೆಪಾಸಿಟರ್ ತುಂಬಿಯೇ ಇರುತ್ತದೆ.

ಮೀಟರ್ ಸೊನ್ನೆ ತೋರಿದ ಮೇಲೂ ಒಂದು ವಿಚಿತ್ರ ಉಳಿದಿದೆ. ಕೆಪಾಸಿಟರ್‌ನ ಎರಡು ಫಲಕಗಳ ನಡುವಿನ ನಿರೋಧಕ ಪದರ ಹೀರಿಕೊಂಡಿದ್ದ ಚಾರ್ಜ್ ನಿಧಾನವಾಗಿ ಹಿಂದಿರುಗಿ, ಕೆಲವೇ ನಿಮಿಷಗಳಲ್ಲಿ ಹತ್ತಾರು ವೋಲ್ಟ್ ಮತ್ತೆ ಕಾಣಿಸಿಕೊಳ್ಳುವುದುಂಟು. ಹೀಗಾಗಿ ಕೆಲಸ ಮುಗಿಯುವ ತನಕ ಆ ರೆಸಿಸ್ಟರನ್ನು ಎರಡೂ ಕಡೆ ಕ್ಲಿಪ್ ಮಾಡಿ ಅಲ್ಲಿಯೇ ಬಿಡುವುದು ವಾಸಿ. ಆಂಪ್ಲಿಫೈಯರನ್ನು ಮತ್ತೆ ಆನ್ ಮಾಡುವ ಮುನ್ನ ಮಾತ್ರ ಅದನ್ನು ಮರೆಯದೆ ಬಿಚ್ಚಿ ತೆಗೆಯಬೇಕು. ಮರೆತರೆ 5 ವಾಟ್‌ನ ರೆಸಿಸ್ಟರ್ 21 ವಾಟ್ ಹೊತ್ತು ಸುಟ್ಟುಹೋಗುತ್ತದೆ.